ಒಪ್ಪಿಸುವುದೂ ಬರೆಯುವುದೂ



ಪ್ರತಿವರ್ಷವೂ ದೀಪಾವಳಿಯ ವೇಳೆಗೆ, ನಮ್ಮ ಶಾಲೆಯಲ್ಲಿ ಹತ್ತನೆಯ ತರಗತಿಯನ್ನು ಮುಗಿಸಿ ಹೊರಟುಹೋದವರಲ್ಲಿ ಕೆಲವರು ನಮ್ಮನ್ನು ಕಾಣಲು ಬರುವುದುಂಟು. ಕುಶಲಪ್ರಶ್ನೆಗಳು ಮುಗಿದ ಮೇಲೆ ಅವರು ಹೇಳುವ ಮಾತು ಸಾಮಾನ್ಯವಾಗಿ ಒಂದೇ ಆಗಿರುತ್ತದೆ: “ಸರ್, ಕಾಲೇಜಿನಲ್ಲಿ ಹೇಳಿಕೊಡುವುದು ಕಷ್ಟಪಟ್ಟರೆ ತಿಳಿಯುತ್ತದೆ, ಬರೆಯಲು ಕುಳಿತರೆ ಮಾತ್ರ ಕೈ ಓಡುವುದಿಲ್ಲ.” ಇಂಗ್ಲಿಷಿನ ತೊಡಕೇ ಇದಕ್ಕೆ ಕಾರಣವೆಂದು ಅವರೂ ನಂಬಿದ್ದಾರೆ, ಅವರ ತಾಯಿತಂದೆಗಳೂ ನಂಬಿದ್ದಾರೆ, ಬಹುಕಾಲ ನಾವೂ ಹಾಗೆಯೇ ನಂಬಿದ್ದೆವು. ಈಗ ನಮಗೆ ಹಾಗೆ ತೋರುವುದಿಲ್ಲ. ಕನ್ನಡ ಮಾಧ್ಯಮದಿಂದ ಇಂಗ್ಲಿಷ್ ಮಾಧ್ಯಮಕ್ಕೆ ಹೋದವರಿಗೆ ಭಾಷೆಯ ತೊಡಕು ಇರುವುದು ನಿಜ. ಆದರೆ ಅದರ ಹಿಂದೆ ಅದಕ್ಕಿಂತ ದೊಡ್ಡದಾದ ಇನ್ನೊಂದು ತೊಡಕು ಅಡಗಿದೆ. ಅದು ನಾವು ಶಾಲೆಯಲ್ಲಿ, ಕನ್ನಡದಲ್ಲಿಯೇ, ನಿಮಗೆ ಕಲಿಸಿಕೊಟ್ಟ ಬರವಣಿಗೆಯ ರೂಢಿ. ಅದನ್ನು ಕುರಿತು ನಾಲ್ಕು ಮಾತುಗಳನ್ನು ಹೇಳುವುದು ಈ ಲೇಖನದ ಉದ್ದೇಶ.

ಕೆಲವು ವರ್ಷಗಳ ಹಿಂದಿನ ಸಂಗತಿ. ಒಂಬತ್ತನೆಯ ತರಗತಿಯವರಿಗೆ ‘ಮಳೆಗಾಲ’ವನ್ನು ಕುರಿತು ಪ್ರಬಂಧ ಬರೆಯಲು ಹೇಳಿದ್ದೆವು. ಕುರ್ಲಾದ ತಗ್ಗು ಪ್ರದೇಶದಲ್ಲಿ, ಮೀಠಿ ನದಿಗೆ ಸಮೀಪವಾಗಿ ವಾಸಿಸುತ್ತಿದ್ದ ಒಬ್ಬ ವಿದ್ಯಾರ್ಥಿನಿಯು ಸೊಗಸಾದ ಪ್ರಬಂಧವೊಂದನ್ನು ಬರೆದು ತಂದಳು. ಅದರಲ್ಲಿ ನವಿಲು ಗರಿಗೆದರಿ ಕುಣಿಯುತ್ತಿತ್ತು, ಕಪ್ಪೆಗಳು ವಟಗುಟ್ಟುತ್ತಿದ್ದವು, ರೈತನು ನೇಗಿಲು ಹೊತ್ತು ಹರ್ಷದಿಂದ ಹೊಲಕ್ಕೆ ಹೊರಟಿದ್ದನು, ಭೂಮಿತಾಯಿ ಹಸುರು ಸೀರೆಯನ್ನು ಉಟ್ಟಿದ್ದಳು. ಕಾಗುಣಿತದ ತಪ್ಪು ಒಂದೂ ಇರಲಿಲ್ಲ. ನಾವು ಹತ್ತಕ್ಕೆ ಒಂಬತ್ತು ಅಂಕಗಳನ್ನು ಕೊಟ್ಟೆವು. ಆ ವಾರವೇ ಅವಳ ಮನೆಯೊಳಕ್ಕೆ ಮೊಣಕಾಲುದ್ದ ನೀರು ನುಗ್ಗಿ, ಅವಳು ಎರಡು ದಿನ ಶಾಲೆಗೆ ಬಂದಿರಲಿಲ್ಲ. ಹಳೆಯ ಪುಸ್ತಕಗಳು ನೆನೆದು ಹಾಳಾದುದರಿಂದ ಹೊಸ ನೋಟುಬುಕ್ಕನ್ನು ಕೊಂಡು ಅದರಲ್ಲಿ ಆ ಪ್ರಬಂಧವನ್ನು ಬರೆದಿದ್ದಳು. ಇದೆಲ್ಲವೂ ನಮಗೆ ಗೊತ್ತಿತ್ತು. ಆದರೂ ಅವಳ ‘ಮಳೆಗಾಲ’ದಲ್ಲಿ ಆ ನೀರಿನ ಹನಿಯೊಂದೂ ಇಲ್ಲವೆಂಬುದು ನಮ್ಮ ಮನಸ್ಸಿಗೆ ಹೊಳೆಯಲೇ ಇಲ್ಲ. ಹೊಳೆಯುವುದಾದರೂ ಹೇಗೆ? ಆ ನವಿಲನ್ನು ಕರಿಹಲಗೆಯ ಮೇಲೆ ಬರೆದು ಕುಣಿಸಿದವರು ನಾವೇ ಆಗಿದ್ದೆವು.

ಎರಡು ವರ್ಷಗಳ ಮೇಲೆ ಅದೇ ಹುಡುಗಿ ಕಾಲೇಜಿನಿಂದ ನಮ್ಮನ್ನು ಹುಡುಕಿಕೊಂಡು ಬಂದಳು. ಪರಿಸರ ವಿಷಯದಲ್ಲಿ ಅವಳಿಗೆ ಒಂದು ಪ್ರಾಜೆಕ್ಟನ್ನು ಕೊಟ್ಟಿದ್ದರು. ‘ನಿಮ್ಮ ವಸತಿಯಲ್ಲಿ ಮಳೆಯ ನೀರು ನಿಲ್ಲುವುದಕ್ಕೆ ಕಾರಣವೇನು?’ ಎಂಬುದು ಪ್ರಶ್ನೆ. “ಸರ್, ಈ ಪ್ರಬಂಧ ಯಾವ ಪುಸ್ತಕದಲ್ಲಿ ಸಿಗುತ್ತದೆ?” ಎಂದು ಅವಳು ಕೇಳಿದಳು. ತನ್ನ ಮನೆಯ ಹೊಸ್ತಿಲನ್ನು ದಾಟಿ ಬಂದ ನೀರಿನ ಕಥೆಯನ್ನು ಅವಳು ಪುಸ್ತಕದಲ್ಲಿ ಹುಡುಕುತ್ತಿದ್ದಳು. ಆ ಮಾತನ್ನು ಕೇಳಿ ನಮಗೆ ನಾಚಿಕೆಯಾಯಿತು. ಹಿಂದೆ ಕೊಟ್ಟ ಒಂಬತ್ತು ಅಂಕಗಳು ನಮ್ಮನ್ನು ಅಣಕಿಸುತ್ತಿರುವಂತೆ ತೋರಿತು.

ಶಾಲೆಯ ಬರವಣಿಗೆಗೂ ಕಾಲೇಜಿನ ಬರವಣಿಗೆಗೂ ಇರುವ ಅಂತರವು ಈ ಎರಡು ಘಟನೆಗಳ ನಡುವೆಯೇ ಇದೆ. ಶಾಲೆಯಲ್ಲಿ ನಿಮಗೆ ದೊರೆಯುವುದು ಒಂದು ವಿಷಯ: ಮಳೆಗಾಲ, ಪುಸ್ತಕಗಳ ಮಹತ್ತ್ವ, ವಿಜ್ಞಾನ ವರವೋ ಶಾಪವೋ. ಆ ವಿಷಯವನ್ನು ಕುರಿತು ಹಿಂದೆ ಯಾರೋ ಹೇಳಿಟ್ಟ ಮಾತುಗಳನ್ನು ನೀವು ಒಪ್ಪವಾಗಿ ಜೋಡಿಸಿ ಒಪ್ಪಿಸುತ್ತೀರಿ. ಕಾಲೇಜಿನಲ್ಲಿ ದೊರೆಯುವುದು ಒಂದು ಪ್ರಶ್ನೆ. ಅದಕ್ಕೆ ನಿಮ್ಮದೇ ಆದ ಉತ್ತರವೊಂದು ಬೇಕು. ಆ ಉತ್ತರಕ್ಕೆ ಆಧಾರ ಬೇಕು. ಆಧಾರ ಎಲ್ಲಿಂದ ಬಂದಿತೆಂದು ಹೇಳಬೇಕು. ಒಪ್ಪದವನು ಏನೆಂದಾನು ಎಂಬುದನ್ನೂ ಯೋಚಿಸಬೇಕು.

ನಿಮ್ಮಲ್ಲಿ ಅನೇಕರು ದಕ್ಷಿಣ ಕನ್ನಡ, ಉಡುಪಿಯ ಕಡೆಯ ಮನೆತನಗಳವರು. ಮಳೆಗಾಲದಲ್ಲಿ ಈ ಮುಂಬಯಿಯ ಸಂಘಗಳಲ್ಲಿ ನಡೆಯುವ ತಾಳಮದ್ದಳೆಗಳಿಗೆ ಹಿರಿಯರೊಡನೆ ಹೋಗಿ ಕುಳಿತವರು. ಅಲ್ಲಿ ಭಾಗವತರು ಪ್ರಸಂಗದ ಪದ್ಯವನ್ನು ಹಾಡುತ್ತಾರೆ. ಆ ಪದ್ಯವು ಎಲ್ಲರಿಗೂ ಗೊತ್ತಿರುವುದೇ. ಆದರೆ ಅರ್ಥಧಾರಿಯು ಅದನ್ನೇ ತಿರುಗಿ ಹೇಳಿ ಸುಮ್ಮನೆ ಕುಳಿತರೆ ಸಭೆಯು ಒಪ್ಪುವುದೇ? ಅವನಿಗೆ ವೇಷವಿಲ್ಲ, ಬರೆದಿಟ್ಟ ಸಂಭಾಷಣೆಯಿಲ್ಲ. ಪದ್ಯದ ಆಶಯವನ್ನು ಹಿಡಿದು ತನ್ನ ಮಾತಿನಲ್ಲಿಯೇ ಅವನು ಅರ್ಥವನ್ನು ಕಟ್ಟಬೇಕು. ಎದುರಿಗೆ ಕುಳಿತವನ ಪ್ರಶ್ನೆಗೆ ಆ ಕ್ಷಣದಲ್ಲಿಯೇ ಸಮಾಧಾನ ಹೇಳಬೇಕು. ಶಾಲೆಯಲ್ಲಿ ನಾವು ನಿಮಗೆ ಪದ್ಯವನ್ನು ಕಲಿಸಿದೆವು. ಕಾಲೇಜು ನಿಮ್ಮಿಂದ ಅರ್ಥವನ್ನು ಕೇಳುತ್ತದೆ. ಅರ್ಥ ಹೇಳುವ ಅಭ್ಯಾಸವನ್ನೇ ಮಾಡಿಸದೆ ಒಮ್ಮೆಲೇ ನಿಮ್ಮನ್ನು ಸಭೆಯ ಮುಂದೆ ಕೂರಿಸಿದುದು ನಮ್ಮ ತಪ್ಪು.

ಒಂದು ನಿದರ್ಶನದಿಂದ ಇದನ್ನು ಸ್ಪಷ್ಟಪಡಿಸೋಣ. 2005ನೆಯ ಇಸವಿಯ ಜುಲೈ 26ರಂದು ಮುಂಬಯಿಯಲ್ಲಿ ಆದ ಜಲಪ್ರಳಯವನ್ನು ನಿಮ್ಮ ತಾಯಿತಂದೆಗಳು ಮರೆತಿರಲಾರರು. ರೈಲುಗಳು ನಿಂತುಹೋದವು, ನೂರಾರು ಜನರು ಪ್ರಾಣ ಕಳೆದುಕೊಂಡರು. ಶಾಲೆಯ ರೀತಿಯಲ್ಲಿ ಇದನ್ನು ಬರೆಯುವವನು, ‘ಅಂದು ಮುಂಬಯಿಯಲ್ಲಿ ಕುಂಭದ್ರೋಣ ಮಳೆಯಾಯಿತು, ಪ್ರಕೃತಿಯ ಮುಂದೆ ಮನುಷ್ಯನು ತೃಣಸಮಾನನು’ ಎಂದು ಬರೆದು ಮುಗಿಸುವನು. ಮಾತು ಅಂದವಾಗಿಯೇ ಇದೆ. ಆದರೆ ಕಾಲೇಜಿನ ಅಧ್ಯಾಪಕರು ಕೂಡಲೇ ಕೇಳುವರು: ಎಷ್ಟು ಮಳೆ? ಎಲ್ಲಿ? ಮಳೆಯೊಂದೇ ಕಾರಣವೇ?

ಹುಡುಕಲು ಹೊರಟರೆ ತಿಳಿಯುವುದೇನು? ಸಾಂತಾಕ್ರೂಜಿನ ಹವಾಮಾನ ಕೇಂದ್ರದಲ್ಲಿ ಆಗ 24 ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ ದಾಖಲಾಯಿತು. ಅದೇ ಅವಧಿಯಲ್ಲಿ ಕೊಲಾಬಾದಲ್ಲಿ ಬಿದ್ದುದು ಸುಮಾರು 74 ಮಿಲಿಮೀಟರ್ ಮಾತ್ರ. ಒಂದೇ ನಗರ, ಒಂದೇ ದಿನ. ಮಳೆಯಲ್ಲಿ ಹನ್ನೆರಡು ಪಟ್ಟಿಗೂ ಮಿಕ್ಕ ವ್ಯತ್ಯಾಸ! ‘ಮುಂಬಯಿಯಲ್ಲಿ ಕುಂಭದ್ರೋಣ ಮಳೆ’ ಎಂಬ ವಾಕ್ಯವು ಅರ್ಧ ಸತ್ಯವಾಯಿತು. ಮುಂದೆ ನೋಡಿದರೆ, ನಗರದ ಹಳೆಯ ಮಳೆನೀರಿನ ಕಾಲುವೆಗಳು ಗಂಟೆಗೆ ಸುಮಾರು 25 ಮಿಲಿಮೀಟರ್ ಮಳೆಯನ್ನು ಸಾಗಿಸುವ ಲೆಕ್ಕದಲ್ಲಿ ಕಟ್ಟಿದಂಥವು. ಅದೂ ಸಮುದ್ರವು ಇಳಿದಿರುವಾಗ. ಆ ದಿನ ಮಧ್ಯಾಹ್ನ ಸಮುದ್ರದಲ್ಲಿ ದೊಡ್ಡ ಭರತಿಯಿತ್ತು. ವಿಹಾರ, ಪವಾಯಿ ಕೆರೆಗಳ ಹೆಚ್ಚುವರಿ ನೀರನ್ನು ಹೊತ್ತು ಮಾಹಿಮಿನ ಖಾರಿಯನ್ನು ಸೇರುವ ಮೀಠಿ ನದಿಯ ಪಾತ್ರವನ್ನು ವಿಮಾನ ನಿಲ್ದಾಣದ ಬಳಿಯಲ್ಲಿ ತಿರುಗಿಸಲಾಗಿತ್ತು. ಬಾಂದ್ರಾ-ಕುರ್ಲಾ ಭಾಗದಲ್ಲಿ ದಡದ ಜೌಗು ನೆಲವನ್ನು ತುಂಬಿ ಕಟ್ಟಡಗಳನ್ನು ಎಬ್ಬಿಸಲಾಗಿತ್ತು. ಈ ಪ್ರಳಯದ ಕಾರಣಗಳನ್ನು ಶೋಧಿಸಲು ಸರಕಾರವು ಮಾಧವರಾವ್ ಚಿತಳೆಯವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿಯನ್ನು ನೇಮಿಸಿತು. ಅದರ ವರದಿ 2006ರಲ್ಲಿ ಬಂದಿತು. ಇಷ್ಟನ್ನು ತಿಳಿದವನು, ‘ಅಂದಿನ ಮಳೆ ಅಸಾಧಾರಣವಾದುದು, ಆದರೆ ಹಾನಿಯು ಅಷ್ಟು ಹೆಚ್ಚಲು ನೀರಿನ ದಾರಿಯನ್ನು ನಾವು ಕಟ್ಟಿದುದೂ ಕಾರಣ’ ಎಂದು ಬರೆಯಬಲ್ಲನು. ಈ ವಾಕ್ಯದಲ್ಲಿ ಅಲಂಕಾರವಿಲ್ಲ. ಆದರೆ ಇದನ್ನು ಬರೆದವನು ಇದಕ್ಕೆ ಹೊಣೆಯಾಗಿ ನಿಲ್ಲಬಲ್ಲನು.

ಇನ್ನು, ಆಧಾರವನ್ನು ಹೇಳುವ ಮಾತು. ನಾವೂ ಕನ್ನಡ ಮಾಧ್ಯಮದಲ್ಲಿಯೇ ಹತ್ತನೆಯ ತರಗತಿಯವರೆಗೆ ಓದಿ ಕಾಲೇಜು ಸೇರಿದವರು. ಅಲ್ಲಿ ನಾವು ಬರೆದು ಕೊಟ್ಟ ಮೊದಲನೆಯ ಪ್ರಬಂಧದಲ್ಲಿ ಒಂದು ಸೊಗಸಾದ ಸಾಲಿನ ಕೆಳಗೆ ಅಧ್ಯಾಪಕರು ಗೆರೆಯೆಳೆದು, ಅಂಚಿನಲ್ಲಿ ‘ಇದು ಯಾರ ಮಾತು?’ ಎಂದು ಬರೆದು ಹಿಂದಿರುಗಿಸಿದರು. ಕಳ್ಳತನವನ್ನು ಆರೋಪಿಸಿದರೆಂದು ಭಾವಿಸಿ ಬಹಳ ನೊಂದುಕೊಂಡೆವು. ಅವರು ನಿಜವಾಗಿಯೂ ಕೇಳಿದ್ದು ಬೇರೆ: ನಿನ್ನ ಮಾತು ಎಲ್ಲಿ ಮುಗಿಯಿತು, ಇನ್ನೊಬ್ಬರದು ಎಲ್ಲಿ ಮೊದಲಾಯಿತು ಎಂಬುದನ್ನು. ಇದು ತಿಳಿಯಲು ನಮಗೆ ಒಂದು ವರ್ಷ ಹಿಡಿಯಿತು. ಪೂರ್ವಿಕರನ್ನು ಹೆಸರಿಸಿ ನಡೆಯುವುದು ನಮ್ಮ ಭಾಷೆಗೇನೂ ಹೊಸದಲ್ಲ. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವು ತನಗಿಂತ ಹಿಂದಿನ ಕನ್ನಡ ಗದ್ಯ ಪದ್ಯ ಲೇಖಕರನ್ನು ಹೆಸರು ಹಿಡಿದು ಸ್ಮರಿಸಿದೆ.

ಎದುರು ಪಕ್ಷದ ಮಾತನ್ನು ಮೊದಲು ಹೇಳಿ, ಅದಕ್ಕೆ ಉತ್ತರವನ್ನು ಆಮೇಲೆ ಕೊಡುವುದೂ ಪರದೇಶದ ವಿದ್ಯೆಯಲ್ಲ. ನಮ್ಮ ಶಾಸ್ತ್ರಕಾರರು ಅದನ್ನು ಪೂರ್ವಪಕ್ಷ, ಸಿದ್ಧಾಂತ ಎಂದು ಕರೆದರು. ‘ವಾಲಿವಧೆ’ಯ ತಾಳಮದ್ದಳೆಯಲ್ಲಿ, ಮರೆಯಲ್ಲಿ ನಿಂತು ಬಾಣ ಬಿಟ್ಟುದು ಯಾವ ಧರ್ಮವೆಂದು ವಾಲಿಯು ಕೇಳುತ್ತಾನೆ. ವಾಲಿಯ ಅರ್ಥ ದುರ್ಬಲವಾದರೆ ರಾಮನ ಉತ್ತರಕ್ಕೂ ಕಳೆಯಿರುವುದಿಲ್ಲ. ನಿಮ್ಮ ಪ್ರಬಂಧದಲ್ಲಿಯೂ ವಾಲಿಗೆ ಸರಿಯಾದ ಅವಕಾಶವನ್ನು ಕೊಡಿರಿ.

ಇಲ್ಲಿ ನಮಗೂ ಒಂದು ಪೂರ್ವಪಕ್ಷ ಎದುರಾಗುತ್ತದೆ. “ಪರೀಕ್ಷೆಯಲ್ಲಿ ಅಂಕ ದೊರೆಯುವುದು ನವಿಲಿನ ಪ್ರಬಂಧಕ್ಕೇ, ಸ್ವಂತ ಮಾತು ಬರೆದು ಅಂಕ ಕಳೆದುಕೊಂಡರೆ ಒಳ್ಳೆಯ ಕಾಲೇಜಿನಲ್ಲಿ ಪ್ರವೇಶವೇ ಸಿಗದಲ್ಲ!” ಎಂದು ಪಾಲಕರು ಹೇಳುತ್ತಾರೆ. ಈ ಮಾತನ್ನು ನಾವು ಹಗುರವಾಗಿ ತಳ್ಳಿಹಾಕಲಾರೆವು. ಹಗಲೆಲ್ಲ ಹೋಟೆಲುಗಳಲ್ಲಿ ದುಡಿದು ರಾತ್ರಿ ಶಾಲೆಗಳಲ್ಲಿ ಓದಿ ಮೇಲೆ ಬಂದ ಹಿರಿಯರ ಊರು ಇದು. ಒಂದೊಂದು ಅಂಕದ ಬೆಲೆಯೂ ನಮಗೆ ತಿಳಿದಿದೆ. ಕಂಠಪಾಠವನ್ನೂ ನಾವು ಹಳಿಯುವುದಿಲ್ಲ. ಪದಸಂಪತ್ತು, ವಾಕ್ಯದ ನಡೆ, ಕಿವಿಗೆ ಹಿತವಾದ ಲಯ, ಇವೆಲ್ಲ ಅದರಿಂದ ಬರುತ್ತವೆ. ಪ್ರಸಂಗದ ಪದ್ಯವೇ ಬಾರದವನು ಅರ್ಥವನ್ನೇನು ಹೇಳಿಯಾನು? ನಮ್ಮ ಆಕ್ಷೇಪವಿರುವುದು ಅಲ್ಲಿಗೇ ನಿಂತುಬಿಡುವುದಕ್ಕೆ. ಪರೀಕ್ಷೆಯ ಅಂಕಗಳು ಕಾಲೇಜಿನ ಬಾಗಿಲವರೆಗೆ ನಿಮ್ಮನ್ನು ಕರೆದೊಯ್ಯುತ್ತವೆ. ಒಳಗೆ ಹೋದ ಮೇಲೆ ತನ್ನ ಮಾತಿಲ್ಲದವನು ಮೂಕನಾಗಿ ಕುಳಿತುಕೊಳ್ಳುತ್ತಾನೆ. ತಾನು ದಡ್ಡನೆಂದು ತಿಳಿಯುತ್ತಾನೆ. ಕೆಲವರು ಓದನ್ನೇ ಬಿಟ್ಟುಬಿಡುತ್ತಾರೆ. ಅಂಥವರನ್ನು ನಾವು ಕಂಡಿದ್ದೇವೆ. ಅವರು ದಡ್ಡರಾಗಿರಲಿಲ್ಲ.

ಇಂಗ್ಲಿಷು ಬಂದೊಡನೆ ಎಲ್ಲವೂ ಸರಿಹೋಗುವುದೆಂಬ ಭ್ರಮೆಯನ್ನೂ ಬಿಡಬೇಕು. ‘ಏಕೆಂದರೆ’, ‘ಆದುದರಿಂದ’, ‘ಆದಾಗ್ಯೂ’, ‘ಒಂದು ವೇಳೆ’ ಎಂಬ ಮಾತುಗಳನ್ನು ಕನ್ನಡದಲ್ಲಿ ಎಲ್ಲಿ ಏಕೆ ಬಳಸಬೇಕೆಂಬುದನ್ನು ಬಲ್ಲವನಿಗೆ, ಇಂಗ್ಲಿಷಿನಲ್ಲಿ ಅವುಗಳ ಸ್ಥಾನದಲ್ಲಿ ಬರುವ ಪದಗಳನ್ನು ಕಲಿಯುವುದು ಕೆಲವು ತಿಂಗಳುಗಳ ಕೆಲಸ. ಯೋಚನೆಯ ಕೊಂಡಿಗಳೇ ಇಲ್ಲದವನಿಗೆ ಎರಡು ಭಾಷೆಗಳು ಬಂದರೂ ಎರಡರಲ್ಲಿಯೂ ನವಿಲೇ ಕುಣಿಯುತ್ತದೆ. ಈಗಂತೂ ಗೈಡುಗಳ ಸ್ಥಾನವನ್ನು ಮೊಬೈಲು ಹಿಡಿದಿದೆ. ಕೇಳಿದೊಡನೆ ಯಾವ ಭಾಷೆಯಲ್ಲಿ ಬೇಕಾದರೂ ಪ್ರಬಂಧವನ್ನು ಬರೆದುಕೊಡುವ ಯಂತ್ರವು ನಿಮ್ಮ ಅಂಗೈಯಲ್ಲಿದೆ. ಒಪ್ಪಿಸುವುದೇ ವಿದ್ಯೆಯಾಗಿದ್ದರೆ ಅದರಲ್ಲಿ ಯಂತ್ರವೇ ನಿಮ್ಮನ್ನು ಮೀರಿಸಿತು. ನಿಮ್ಮ ಮನೆಗೆ ನೀರು ಬಂದ ರಾತ್ರಿ ನಿಮ್ಮ ತಾಯಿಯು ಮೊದಲು ಯಾವ ಸಾಮಾನನ್ನು ಅಟ್ಟಕ್ಕೆ ಏರಿಸಿದರೆಂಬುದು ಮಾತ್ರ ಅದಕ್ಕೆ ತಿಳಿಯದು.

ಹಾಗಾದರೆ ಮಾಡಬೇಕಾದುದೇನು? ಕಾಲೇಜು ಸೇರುವವರೆಗೆ ಕಾಯದೆ, ಎಂಟನೆಯ ತರಗತಿಯಿಂದಲೇ, ಕನ್ನಡದಲ್ಲಿಯೇ ತೊಡಗಿರಿ. ವಾರಕ್ಕೊಂದು ಸಲ ನಿಮ್ಮ ಸುತ್ತಲಿನ ಒಂದು ಪ್ರಶ್ನೆಯನ್ನು ಎತ್ತಿಕೊಳ್ಳಿರಿ. ನಮ್ಮ ಚಾಳಿಗೆ ನಲ್ಲಿಯ ನೀರು ಈ ಹೊತ್ತಿಗೇ ಬರುವುದೇಕೆ? ನಮ್ಮ ಓಣಿಯ ಕನ್ನಡ ಮಕ್ಕಳಲ್ಲಿ ಎಷ್ಟು ಮಂದಿ ಕನ್ನಡ ಶಾಲೆಗೆ ಬರುತ್ತಾರೆ, ಉಳಿದವರು ಏಕೆ ಬರುವುದಿಲ್ಲ? ಇಬ್ಬರನ್ನು ವಿಚಾರಿಸಿರಿ, ಯಾರು ಏನೆಂದರೆಂಬುದನ್ನು ಗುರುತುಹಾಕಿಕೊಳ್ಳಿರಿ. ಹತ್ತೇ ವಾಕ್ಯಗಳಲ್ಲಿ ನಿಮ್ಮ ಉತ್ತರವನ್ನು ಬರೆಯಿರಿ. ಒಂದು ದಿನ ಬಿಟ್ಟು ಅದನ್ನು ಗಟ್ಟಿಯಾಗಿ ಓದಿಕೊಂಡು, ಆಧಾರವಿಲ್ಲದ ವಾಕ್ಯಗಳನ್ನು ಹೊಡೆದುಹಾಕಿ ಮತ್ತೊಮ್ಮೆ ಬರೆಯಿರಿ. ಶಾಲೆಯಲ್ಲಿ ಒಮ್ಮೆ ಬರೆದರೆ ಮುಗಿಯಿತು. ಕಾಲೇಜಿನಲ್ಲಿ ಎರಡನೆಯ ಸಲ ಬರೆದಾಗಲೇ ಬರವಣಿಗೆ ಆರಂಭವಾಗುತ್ತದೆ.

ಶಿಕ್ಷಕರಾದ ನಾವು ಮಾಡಬೇಕಾದುದೂ ಇದೆ. ಕರಿಹಲಗೆಯ ಮೇಲೆ ಸಿದ್ಧ ಪ್ರಬಂಧವನ್ನು ಬರೆದುಕೊಡುವುದನ್ನು ನಿಲ್ಲಿಸಬೇಕು. ತಪ್ಪಿದ್ದರೂ ತನ್ನದಾದ ವಾಕ್ಯಕ್ಕೆ ಒಂದು ಅಂಕವನ್ನಾದರೂ ಹೆಚ್ಚಾಗಿ ಕೊಡಬೇಕು. ಕೆಂಪು ಶಾಯಿಯಿಂದ ಕಾಗುಣಿತವನ್ನು ತಿದ್ದುವುದರೊಡನೆ, ಅಂಚಿನಲ್ಲಿ ಒಂದು ಪ್ರಶ್ನೆಯನ್ನೂ ಬರೆಯಬೇಕು.

ಆ ಹುಡುಗಿಯ ವಿಷಯವನ್ನು ಹೇಳಿ ಮುಗಿಸುತ್ತೇವೆ. “ಈ ಪ್ರಬಂಧವು ಯಾವ ಪುಸ್ತಕದಲ್ಲಿಯೂ ಇಲ್ಲ, ನಿನ್ನ ಓಣಿಯಲ್ಲಿದೆ, ಹೋಗಿ ವಿಚಾರಿಸು” ಎಂದು ಅವಳನ್ನು ಕಳುಹಿಸಿದೆವು. ಹದಿನೈದು ದಿನಗಳ ಮೇಲೆ ಅವಳು ಒಂಬತ್ತು ಪುಟಗಳನ್ನು ಬರೆದು ತಂದಳು. ಗೋಡೆಯ ಮೇಲೆ ಯಾವ ವರ್ಷ ನೀರು ಎಲ್ಲಿಯವರೆಗೆ ಬಂದಿತ್ತೆಂಬುದನ್ನು ನೆರೆಯ ಅಜ್ಜಿಯೊಬ್ಬರಿಂದ ಕೇಳಿ, ಅಳೆದು ಬರೆದಿದ್ದಳು. ಯಾವ ಮೋರಿಯು ಎಲ್ಲಿ ಕಟ್ಟಿಕೊಂಡಿದೆಯೆಂದು ನಕ್ಷೆಯನ್ನು ತೆಗೆದಿದ್ದಳು. ಮೊದಲು ಕನ್ನಡದಲ್ಲಿ ಬರೆದು ಬಳಿಕ ಇಂಗ್ಲಿಷಿಗೆ ತಂದಿದ್ದಳು. ಇಂಗ್ಲಿಷಿನಲ್ಲಿ ತಪ್ಪುಗಳು ಹಲವು ಇದ್ದವು. ನಾವು ಅವನ್ನು ತಿದ್ದಲು ಕೆಂಪು ಲೇಖನಿಯನ್ನು ಎತ್ತಿಕೊಂಡೆವು. ಓದುತ್ತ ಓದುತ್ತ ತಿದ್ದುವುದನ್ನೇ ಮರೆತೆವು.