ಕರಾವಳಿ ನೋಡಿ, ಕನ್ನಡದಲ್ಲೇ ಕೇಳಿ!

ಬೆಂಗಳೂರಿನ ಕನ್ನಡ ತರುಣರೇ,

ರಜೆ ಬಂದರೆ ಗೋವಾಕ್ಕೆ ಓಡುತ್ತೀರಲ್ಲ, ನಮ್ಮದೇ 320 ಕಿಲೋಮೀಟರ್ ಕಡಲತೀರ ಕಣ್ಣಿಗೆ ಬೀಳಲಿಲ್ಲವೇ? ಅದನ್ನು ನೋಡಲು ಹೊರಟವರ ಪಾಡೂ ಅಷ್ಟೇ. ಬಸ್ಸಿನ ತುಂಬ ಕನ್ನಡಿಗರಿದ್ದರೂ ಎಷ್ಟೋ ಕಡೆ ಗೈಡ್ ಒದರುವುದು ಇಂಗ್ಲಿಷ್, ಇಲ್ಲವೇ ಹಿಂದಿ! ನಾನು ಪ್ರೆಸ್ ನಡೆಸುವವನು. ಟೂರಿನ ಕರಪತ್ರ ಅಚ್ಚಿಗೆ ತಂದವರು "ಕನ್ನಡ ಬೇಡ, ಜಾಗ ದಂಡ" ಎಂದದ್ದನ್ನು ಕಿವಿಯಾರೆ ಕೇಳಿದ್ದೇನೆ.

ಇದು ಯಾವ ನೆಲ ಗೊತ್ತೇ? ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' 1843ರಲ್ಲಿ ಹುಟ್ಟಿದ್ದು ಇಲ್ಲಿ. ಕಿಟ್ಟೆಲ್ ನಿಘಂಟು 1894ರಲ್ಲಿ ಅಚ್ಚಾದದ್ದು ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸಿನಲ್ಲಿ. ಜರ್ಮನ್ ಪಾದ್ರಿಗಳಿಗೆ ಬೇಕಾದ ಕನ್ನಡ ನಮ್ಮ ಟೂರಿನವರಿಗೆ ಬೇಡವಾಯಿತೇ?

ಶರಾವತಿ ಕಣಿವೆಯ ಕಾಡಿನಲ್ಲಿ ಗೇರುಸೊಪ್ಪೆಯಿದೆ. ಪೋರ್ಚುಗೀಸರು 'ಮೆಣಸಿನ ರಾಣಿ' ಎಂದು ಕರೆದ ಚೆನ್ನಭೈರಾದೇವಿ ಆಳಿದ ಊರು. ಆ ಕಥೆಯನ್ನು ಪರಭಾಷೆಯಲ್ಲಿ, ಅರ್ಧಂಬರ್ಧ ಕೇಳಬೇಕೇ? ಊಟದ ಎಲೆಯಲ್ಲೂ ಭಾಷೆಯಿದೆ. ಪತ್ರೊಡೆ, ನೀರುದೋಸೆ, ಕೋರಿರೊಟ್ಟಿ, ಮಟ್ಟುಗುಳ್ಳದ ಹುಳಿ, ಉತ್ತರ ಕನ್ನಡದ ತೊಡದೇವು: ಇವನ್ನು ಮಾಡುವ ಕೈಗಳ ಹತ್ತಿರ ಮಾತಾಡದೆ ರುಚಿ ಪೂರ್ತಿ ಸಿಗದು. ತುಳು, ಕೊಂಕಣಿ, ಬ್ಯಾರಿ ಕನ್ನಡದ ಜೊತೆ ಬಾಳಿದ ಮನೆಯಿದು. ಅವೂ ಕಿವಿಗೆ ಬೀಳಲಿ.

ಇದು ಬರೀ ಅಭಿಮಾನದ ಮಾತಲ್ಲ, ಅನ್ನದ ಮಾತು. ಕನ್ನಡದ ಗೈಡ್ ಬೇಕೆಂದು ನೀವು ಪಟ್ಟು ಹಿಡಿದರೆ ಕುಂದಾಪುರ, ಕುಮಟೆಯ ಹುಡುಗ ಹುಡುಗಿಯರಿಗೆ ಊರಲ್ಲೇ ಕೆಲಸ. ಹಣ ಕಟ್ಟುವ ಮೊದಲೇ ಕೇಳಿ: "ಗೈಡ್‌ಗೆ ಕನ್ನಡ ಬರುತ್ತದೆಯೇ? ಕರಪತ್ರ ಕನ್ನಡದಲ್ಲಿದೆಯೇ?" ಇಲ್ಲವೆಂದರೆ ದುಡ್ಡು ನಿಮ್ಮ ಜೇಬಿನಲ್ಲೇ ಇರಲಿ!