ಪುಸ್ತಕದ ಮೂಲೆ: ಬೀಚ್ ಮರವೂ ಒಣಗದ ಸಿಗಡಿಯೂ

ಮಕ್ಕಳೊಂದಿಗರಾದ ವಾಚಕ ಮಹನೀಯರಲ್ಲಿ ಒಂದು ಪ್ರಶ್ನೆ. ನಿಮ್ಮ ಮಗು ಕನ್ನಡದಲ್ಲಿ ಕಥೆ ಕೇಳಿ ಎಷ್ಟು ದಿನವಾಯಿತು? ಈ ಪ್ರಶ್ನೆಯನ್ನು ಮೊದಲು ನನಗೇ ಹಾಕಿಕೊಂಡು ನಾಚಿದವನು ನಾನು. ದೇಹೂ ರೋಡಿನಲ್ಲಿ ಹುಟ್ಟಿ ಬೆಳೆದ ನನ್ನ ಮಗಳಿಗೆ ಶಾಲೆಯಲ್ಲಿ ಮರಾಠಿ, ಬೀದಿಯಲ್ಲಿ ಹಿಂದಿ. ಕನ್ನಡವೆಂದರೆ "ಊಟಕ್ಕೆ ಬಾ", "ದೀಪ ಆರಿಸು" ಎಂಬಷ್ಟೇ.

ಪ್ರಾಯಶ್ಚಿತ್ತಕ್ಕೆಂದು ಹಿಡಿದದ್ದು ಡೆನ್ಮಾರ್ಕಿನ ಕಾರ್ಲ್ ಎವಾಲ್ಡನನ್ನು (1856-1908). ಆಂಡರ್ಸನ್ನನ ನಾಡಿನವನೇ ಆದರೂ ಇವನ ಕಥೆಗಳ ದಾರಿ ಬೇರೆ. ಗಿಡ, ಮರ, ಪ್ರಾಣಿಗಳೇ ಪಾತ್ರಗಳು; ಡಾರ್ವಿನನ ವಿಚಾರವೇ ಹಿನ್ನೆಲೆ. ಇಂಗ್ಲಿಷ್ ಅನುವಾದ ನೋಡಿಕೊಂಡು ಕನ್ನಡದಲ್ಲಿ ಹೇಳುತ್ತ ಹೋದೆ. ಓಕ್ ಮರಗಳ ಕಾಡಿಗೆ ಬೀಚ್ ಮರ ಬರುತ್ತದೆ. ಅದರ ದಟ್ಟ ನೆರಳಿನಲ್ಲಿ ಬಿಸಿಲು ಕಾಣದೆ ಓಕ್ ಸೊರಗಿ ಸಾಯುತ್ತದೆ. ಆ ದೇಶದ ಕಾಡುಗಳಲ್ಲಿ ನಿಜವಾಗಿಯೂ ನಡೆದ ಸಂಗತಿಯಂತೆ. "ಓಕ್ ಏನು ತಪ್ಪು ಮಾಡಿತ್ತಪ್ಪಾ?" ಎಂದಳು. ಆ ಪ್ರಶ್ನೆಯೂ ಅರ್ಧ ಮರಾಠಿಯಲ್ಲಿ! ನನಗೆ ಉತ್ತರ ತೋಚಲಿಲ್ಲ.

ಮರುದಿನ ನಮ್ಮ ಪಂಜೆ ಮಂಗೇಶರಾಯರನ್ನು (1874-1937) ತೆಗೆದೆ. ಬಂಟವಾಳದಲ್ಲಿ ಹುಟ್ಟಿದವರು; ಮಾಸ್ತರಿಕೆ, ಶಾಲೆಗಳ ಇನ್ಸ್‌ಪೆಕ್ಟರಿಕೆ ಮಾಡಿದವರು. 1921ರಲ್ಲಿ ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲ ಕಟ್ಟಿದರು; 1934ರ ರಾಯಚೂರು ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಸರಕಾರಿ ನೌಕರಿಯ ನಡುವೆ ಇಷ್ಟೆಲ್ಲ ಮಾಡಿದರಲ್ಲ ಎಂದು, ಗುಮಾಸ್ತನಾದ ನನಗೆ ಒಳಗೊಳಗೇ ಹೆಮ್ಮೆ.

ಅವರ 'ಸಿಗಡಿ ಯಾಕೆ ಒಣಗಲಿಲ್ಲ' ತಿಳಿಯದವರುಂಟೆ? ಸಿಗಡಿಯೆಂದರೇನೆಂದು ಮಗಳಿಗೆ ತಿಳಿಯದು. ಧಾರವಾಡ ಕಡೆಯ ನನಗೂ ಅಷ್ಟಕ್ಕಷ್ಟೆ. ಇಲ್ಲಿಯ ಬಜಾರಿನ ಸುಕಟ ತೋರಿಸಿ ಪಾರಾದೆ. ಸಿಗಡಿ ಹುಲ್ಲನ್ನು ದೂರುತ್ತದೆ, ಹುಲ್ಲು ದನವನ್ನು. ಹೀಗೆ ದನಗಾಹಿ, ಅಜ್ಜಿ, ಅಳುವ ಮಗು ಎಂದು ದೂರು ಇರುವೆಯ ತನಕ ಹೋಗುತ್ತದೆ. ಮೇಜಿನಿಂದ ಮೇಜಿಗೆ ಹೋಗುವ ನಮ್ಮ ಕಡತದಂತೆಯೇ! ಎವಾಲ್ಡ್ ಹೇಳಿದ ಬಿಸಿಲು-ನೆರಳಿನ ನಂಟು ಇಲ್ಲಿಯೂ ಉಂಟು. ಆದರೆ ಇಲ್ಲಿ ಯಾರೂ ಸಾಯುವುದಿಲ್ಲ, ಮಗು ನಗುತ್ತದೆ. ಚಿಕ್ಕವರಿಗೆ ಪಂಜೆಯವರೇ ಮೊದಲು, ಎವಾಲ್ಡ್ ಹತ್ತು ವರ್ಷ ದಾಟಿದ ಮೇಲೆ ಎಂಬುದು ನನ್ನ ಅಭಿಪ್ರಾಯ. ಒಪ್ಪದವರು ಬರೆದು ತಿಳಿಸಬಹುದು.

ಕಳೆದ ಮೇ ತಿಂಗಳಲ್ಲಿ ಅಕಾಲ ಮಳೆ ಬಂದು ಮನೆಯವಳು ಇಟ್ಟ ಸಂಡಿಗೆ ಒಣಗಲಿಲ್ಲ. ಮಗಳು ತಟ್ಟೆಯ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು, "ಸಂಡಿಗೆ, ಸಂಡಿಗೆ, ಯಾಕೆ ಒಣಗಲಿಲ್ಲ?" ಎಂದು ವಿಚಾರಣೆ ನಡೆಸಿದ್ದಳು. ಒಂದು ಮರಾಠಿ ಶಬ್ದವೂ ಬೆರೆಯಲಿಲ್ಲ. ನಾನು ಕೊಡೆ ಹಿಡಿದು ಬಾಗಿಲಲ್ಲೇ ನಿಂತೆ. ಅಂದು ಕಚೇರಿಗೆ ಇಪ್ಪತ್ತು ನಿಮಿಷ ತಡವಾಯಿತು.