ಬಾಟಲಿಯ ಬಲವೋ, ಬುತ್ತಿಯ ಬಲವೋ?



"ಊಟ ಬಲ್ಲವನಿಗೆ ರೋಗವಿಲ್ಲ" ಎಂಬ ಗಾದೆಯನ್ನು ನಾವೆಲ್ಲರೂ ಕೇಳಿದ್ದೇವೆ. ಆದರೆ ಊಟವನ್ನು ನಿಜವಾಗಿ ಬಲ್ಲವರು ನಮ್ಮಲ್ಲಿ ಎಷ್ಟು ಮಂದಿ? ಕೆಲವು ಕಾಲದ ಹಿಂದೆ ನಮ್ಮ ನೆರೆಮನೆಯ ಹುಡುಗನೊಬ್ಬನು ವಿಷಮಶೀತಜ್ವರದಿಂದ ಎದ್ದು ಬಹಳ ಸೊರಗಿದ್ದನು. ಬಂಧುಗಳೊಬ್ಬರು ಬಂದು, "ರಕ್ತದ ಸಾರದಿಂದ ಮಾಡಿದ ಅಲ್ಬುಮಿನ್ ಎಂಬ ಔಷಧವಿದೆ. ಒಂದು ಬಾಟಲಿ ಏರಿಸಿದರೆ ನಾಲ್ಕು ದಿನಗಳಲ್ಲಿ ಹುಡುಗ ಗಟ್ಟಿಯಾಗುತ್ತಾನೆ" ಎಂದು ಅವನ ತಾಯಿಗೆ ಹೇಳಿದರು. ಅದರ ಬೆಲೆಯೋ ಹಲವು ಸಾವಿರ ರೂಪಾಯಿ. ಆ ತಾಯಿ ಕೊರಳಿನ ಸರವನ್ನು ಒತ್ತೆಯಿಡಲು ಹೊರಟೇಬಿಟ್ಟಿದ್ದರು. ಪುಣ್ಯಕ್ಕೆ ವೈದ್ಯರು, "ಅಮ್ಮಾ, ಇವನಿಗೆ ಬೇಕಾದುದು ಆ ಮದ್ದಲ್ಲ. ಮೆತ್ತಗಿನ ಅನ್ನ, ಬೇಳೆಯ ಕಟ್ಟು, ಹಾಲು ಕೊಡಿ" ಎಂದು ತಿಳಿಹೇಳಿ ಕಳುಹಿಸಿದರು. ಸರ ಕೊರಳಿನಲ್ಲೇ ಉಳಿಯಿತು; ಹುಡುಗನೂ ಚೇತರಿಸಿಕೊಂಡನು. ಆದರೆ ಆ ಬಂಧುಗಳಂತೆ ನಂಬಿರುವವರು ಇನ್ನೂ ಅನೇಕರಿದ್ದಾರೆ. ಆದುದರಿಂದ ಈ ವಿಷಯವನ್ನು ನಿಮ್ಮ ಮುಂದಿಡುವುದು ಅಗತ್ಯವೆಂದು ನನಗೆ ತೋರಿತು.

ನಮ್ಮ ರಕ್ತದಲ್ಲಿ ಅರ್ಧಕ್ಕಿಂತ ತುಸು ಹೆಚ್ಚಿನ ಭಾಗ ತಿಳಿಹಳದಿ ಬಣ್ಣದ ದ್ರವ. ಇದನ್ನು ಪ್ಲಾಸ್ಮಾ ಎನ್ನುತ್ತಾರೆ. ಅದರ ಬಹುಪಾಲು ನೀರು. ಪ್ರತಿ ೧೦೦ ಮಿಲಿಲೀಟರಿನಲ್ಲಿ ಸುಮಾರು ೭ ಗ್ರಾಂ ಸಸಾರಜನಕಗಳು, ಅಂದರೆ ಪ್ರೋಟೀನುಗಳು. ಇವುಗಳಲ್ಲಿ ಹಿರಿಯ ಪಾಲು ಅಲ್ಬುಮಿನ್ನಿನದು. ರಕ್ತನಾಳಗಳೊಳಗೆ ನೀರನ್ನು ಹಿಡಿದಿಡುವುದೂ ಅನೇಕ ವಸ್ತುಗಳನ್ನು ಹೊತ್ತು ಸಾಗಿಸುವುದೂ ಅದರ ಕೆಲಸ. ರೋಗಗಳೊಡನೆ ಹೋರಾಡುವ ಪ್ರೋಟೀನುಗಳೂ ರಕ್ತ ಹೆಪ್ಪುಗಟ್ಟಲು ಬೇಕಾದ ಪ್ರೋಟೀನುಗಳೂ ಇದೇ ದ್ರವದಲ್ಲಿವೆ. ಠಾಣೆಯಿಂದ ವಾಶಿಯ ಕಡೆಗೆ ಹೋಗುವ ರೈಲಿನಲ್ಲಿ ರಬಾಳೆ ನಿಲ್ದಾಣವನ್ನು ನೀವು ನೋಡಿರಬಹುದು. ದಾನವಾಗಿ ಬಂದ ರಕ್ತದ ಪ್ಲಾಸ್ಮಾದಿಂದ ಇಂತಹ ಪ್ರೋಟೀನುಗಳನ್ನು ಬೇರ್ಪಡಿಸಿ ಔಷಧ ಮಾಡುವ ಕಾರ್ಯ ಆ ರಬಾಳೆಯಲ್ಲಿಯೇ ನಡೆದಿದೆ. ದೂರದ ದೇಶದ ಮಾತಲ್ಲ, ನಮ್ಮ ನೆರೆಯ ಮಾತು.

ಹಾಗಾದರೆ ಬಂಧುಗಳ ಮಾತು ಪೂರ್ಣವಾಗಿ ಸುಳ್ಳೇ? ನ್ಯಾಯವಾಗಿ ಹೇಳುವುದಾದರೆ, ಅದರಲ್ಲಿ ಸತ್ಯದ ಒಂದು ಎಳೆಯಿದೆ. ಅಮೆರಿಕದ ರಾಚೆಸ್ಟರಿನಲ್ಲಿದ್ದ ಜಾರ್ಜ್ ವಿಪಲ್ ಎಂಬ ವಿಜ್ಞಾನಿ, ೧೯೩೪ರಲ್ಲಿ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡವರು, ನಾಯಿಗಳ ಮೇಲೆ ಪ್ರಯೋಗ ನಡೆಸಿದರು. ಆಹಾರದಲ್ಲಿ ಪ್ರೋಟೀನೇ ಇಲ್ಲದ ನಾಯಿಗೆ ಪ್ಲಾಸ್ಮಾವನ್ನು ನಾಳದ ಮೂಲಕ ಕೊಟ್ಟರೆ, ಅದರ ದೇಹ ಆ ಪ್ರೋಟೀನನ್ನು ತನ್ನ ಪೋಷಣೆಗೆ ಬಳಸಿಕೊಳ್ಳುತ್ತದೆಂದು ಅವರೂ ಅವರ ಸಂಗಡಿಗರೂ ತೋರಿಸಿದರು. ಮುಂದೆ ಎರಡನೆಯ ಮಹಾಯುದ್ಧದ ಕಾಲದಲ್ಲಿ ಹಾರ್ವರ್ಡಿನ ಎಡ್ವಿನ್ ಕೋನ್ ಎಂಬವರು ಪ್ಲಾಸ್ಮಾದಿಂದ ಅಲ್ಬುಮಿನ್ನನ್ನು ಬೇರ್ಪಡಿಸುವ ವಿಧಾನವನ್ನು ರೂಪಿಸಿದರು. ೧೯೪೧ರ ಡಿಸೆಂಬರಿನಲ್ಲಿ ಪರ್ಲ್ ಹಾರ್ಬರಿನಲ್ಲಿ ಗಾಯಗೊಂಡವರಿಗೆ ಅದನ್ನು ಕೊಡಲಾಯಿತು. ಅಂದು ಅದನ್ನು ಕೊಟ್ಟುದು ಕುಸಿದ ರಕ್ತಪ್ರವಾಹವನ್ನು ಎತ್ತಿ ಹಿಡಿಯುವುದಕ್ಕಾಗಿ, ಹಸಿವೆ ನೀಗುವುದಕ್ಕಾಗಿ ಅಲ್ಲ ಎಂಬುದನ್ನು ಮರೆಯಬಾರದು.

ಆಹಾರವಾಗಿ ಅಲ್ಬುಮಿನ್ ಬಾಟಲಿಯ ಯೋಗ್ಯತೆ ಎಷ್ಟು? ಮೊದಲು ಪ್ರಮಾಣವನ್ನು ನೋಡೋಣ. ನೂರಕ್ಕೆ ಇಪ್ಪತ್ತರ ದ್ರಾವಣದ ೧೦೦ ಮಿಲಿಲೀಟರಿನಲ್ಲಿ ೨೦ ಗ್ರಾಂ ಪ್ರೋಟೀನಿದೆ. ನಿಮ್ಮ ಪ್ರಾಯದ, ೧೩ರಿಂದ ೧೫ ವರ್ಷದ ಹುಡುಗನಿಗೆ ದಿನಕ್ಕೆ ಸುಮಾರು ೪೫ ಗ್ರಾಂ ಬೇಕು. ಅಂದರೆ ಇಡೀ ಬಾಟಲಿ ಅರ್ಧ ದಿನದ ಊಟಕ್ಕೂ ಸಾಟಿಯಲ್ಲ. ಅಷ್ಟೇ ಪ್ರೋಟೀನು ೯೦ ಗ್ರಾಂ ತೊಗರಿಬೇಳೆಯಲ್ಲಿ ಕೆಲವೇ ರೂಪಾಯಿಗಳಿಗೆ ದೊರೆಯುತ್ತದೆ.

ಎರಡನೆಯದು ವೇಗ. ನಾಳಕ್ಕೆ ಸೇರಿದ ಅಲ್ಬುಮಿನ್ನಿನಲ್ಲಿ ಅರ್ಧ ಭಾಗ ಕರಗಲು ಇಪ್ಪತ್ತು ದಿನಗಳಷ್ಟು ಕಾಲ ಹಿಡಿಯುತ್ತದೆ. ಕರಗಿದ ಮೇಲೆಯೇ ಅದರ ಅಂಶಗಳು ಮೈಕಟ್ಟಲು ಒದಗುವುದು. ಹೀಗೆ ದಿನಕ್ಕೆ ಒದಗುವುದು ಒಂದು ಗ್ರಾಮಿಗಿಂತಲೂ ಕಡಿಮೆ.

ಮೂರನೆಯದು ಗುಣ. ಪ್ರೋಟೀನುಗಳು ಅಮೈನೋ ಆಮ್ಲಗಳೆಂಬ ಮಣಿಗಳ ಸರಗಳು. ಮನುಷ್ಯನ ಅಲ್ಬುಮಿನ್ನಿನ ಸರದಲ್ಲಿ ೫೮೫ ಮಣಿಗಳಿವೆ. ದೇಹ ತಾನಾಗಿ ಮಾಡಿಕೊಳ್ಳಲಾರದ ಟ್ರಿಪ್ಟೋಫಾನ್ ಎಂಬ ಮಣಿ ಅವುಗಳಲ್ಲಿ ಒಂದೇ ಒಂದು! ಔಷಧವಾಗಿ ಶ್ರೇಷ್ಠವಾದ ವಸ್ತು ಆಹಾರವಾಗಿ ಅಪೂರ್ಣ.

ಯಕೃತ್ತಿನ ಕಾಯಿಲೆಯಿಂದ ಹೊಟ್ಟೆಯಲ್ಲಿ ತುಂಬಿದ ನೀರನ್ನು ಹೆಚ್ಚಾಗಿ ತೆಗೆಯಬೇಕಾದಾಗ ಮತ್ತು ಇಂತಹ ಇನ್ನು ಕೆಲವು ಕಠಿನ ಪ್ರಸಂಗಗಳಲ್ಲಿ ಅಲ್ಬುಮಿನ್ ಜೀವ ಉಳಿಸುತ್ತದೆ. ಅಲ್ಲಿ ವೈದ್ಯರು ಬರೆದರೆ ಅದನ್ನು ಕೊಡಿಸಲೇಬೇಕು. ಆದರೆ ರಕ್ತಪರೀಕ್ಷೆಯ ಕಾಗದದಲ್ಲಿ ಅಲ್ಬುಮಿನ್ ಕಡಿಮೆಯೆಂದು ಕಂಡ ಮಾತ್ರಕ್ಕೆ ಬಾಟಲಿ ಹುಡುಕಬಾರದು. ಸೋಂಕಿನಿಂದಲೂ ಯಕೃತ್ತು, ಮೂತ್ರಪಿಂಡಗಳ ದೋಷದಿಂದಲೂ ಅದು ಇಳಿಯುವುದುಂಟು. ಕಾರಣವನ್ನು ಬಿಟ್ಟು ಅಂಕಿಗೆ ಚಿಕಿತ್ಸೆ ಮಾಡುವುದು, ಸೋರುವ ಕೊಡಕ್ಕೆ ನೀರು ತುಂಬಿದಂತೆ.

ಇನ್ನೊಂದು ಮಾತು ನನ್ನ ಮನಸ್ಸನ್ನು ಹೆಚ್ಚು ಕಲಕುತ್ತದೆ. ಒಬ್ಬ ದಾನಿ ಕೊಡುವ ೩೫೦ ಮಿಲಿಲೀಟರು ರಕ್ತದಿಂದ ದೊರೆಯುವ ಅಲ್ಬುಮಿನ್ ಕೆಲವೇ ಗ್ರಾಂ. ಒಂದು ಬಾಟಲಿಯ ೨೦ ಗ್ರಾಮಿನ ಹಿಂದೆ ಕನಿಷ್ಠ ಮೂರು ನಾಲ್ಕು ದಾನಿಗಳ ರಕ್ತವಿದೆ. ಮುಖವರಿಯದ ಬಂಧುಗಳು ತೋಳು ಚಾಚಿ ಕೊಟ್ಟುದನ್ನು ಬೇಳೆಯ ಬದಲಿಗೆ ಬಳಸುವುದು ದಾನಕ್ಕೆ ಮಾಡುವ ಅವಮಾನವಲ್ಲವೇ?

ನಿಜವಾದ ಹಸಿವೆಗೆ ಮದ್ದು ಯಾವುದೆಂಬುದನ್ನು ನಮ್ಮ ನೆರೆಹೊರೆಯೇ ಕಲಿಸಿದೆ. ಜವ್ಹಾರ, ಮೋಖಾಡಾ ತಾಲೂಕುಗಳು ೨೦೧೪ರವರೆಗೆ ಠಾಣೆ ಜಿಲ್ಲೆಯಲ್ಲಿಯೇ ಇದ್ದವು. ಈಗ ಪಾಲಘರ ಜಿಲ್ಲೆಗೆ ಸೇರಿವೆ. ೧೯೯೨ರಲ್ಲಿ ಜವ್ಹಾರದ ಆದಿವಾಸಿ ಮಕ್ಕಳು ಆಹಾರವಿಲ್ಲದೆ ಸತ್ತ ಸುದ್ದಿ ನಾಡನ್ನೇ ನಡುಗಿಸಿತು. ನಮ್ಮ ಲೋಕಲ್ ರೈಲುಗಳು ಓಡುವ ಜಿಲ್ಲೆಯಲ್ಲಿಯೇ ಇದು ನಡೆಯಿತು! ಆ ಮಕ್ಕಳಿಗೆ ಬೇಕಾಗಿದ್ದುದು ಹೊತ್ತು ಹೊತ್ತಿಗೆ ಹೊಟ್ಟೆ ತುಂಬುವ ಅನ್ನ. ನಮ್ಮ ಪೋಷಣವಿಜ್ಞಾನದ ಹಿರಿಯರಾದ ಸಿ. ಗೋಪಾಲನ್ ಅವರೂ ಇದನ್ನೇ ಒತ್ತಿ ಹೇಳಿದರು: ಬಡಮಕ್ಕಳ ಮುಖ್ಯ ಕೊರತೆ ಪ್ರೋಟೀನೊಂದರದಲ್ಲ, ಒಟ್ಟು ಆಹಾರದ್ದು, ದಿನವೂ ತಿನ್ನುವ ಧಾನ್ಯ ಬೇಳೆಗಳನ್ನೇ ಸಾಕಷ್ಟು ತಿಂದರೆ ಪ್ರೋಟೀನೂ ಬಹುಮಟ್ಟಿಗೆ ಒದಗುತ್ತದೆ. ೧೯೫೦ರಲ್ಲಿ ಸ್ಥಾಪನೆಯಾದ ಮೈಸೂರಿನ ಆಹಾರ ಸಂಶೋಧನಾಲಯದವರು ಮೂರು ಪಾಲು ಶೇಂಗಾ ಹಿಟ್ಟಿಗೆ ಒಂದು ಪಾಲು ಹುರಿಗಡಲೆ ಹಿಟ್ಟನ್ನು ಬೆರೆಸಿ, ಜೀವಸತ್ವಗಳನ್ನು ಕೂಡಿಸಿ ಪುಷ್ಟಿಕರವಾದ ಆಹಾರವನ್ನು ಸಿದ್ಧಪಡಿಸಿದರು. ನಮ್ಮ ಹೊಲದ ಶೇಂಗಾ, ನಮ್ಮ ಅಂಗಡಿಯ ಕಡಲೆ!

ವಿದ್ಯಾರ್ಥಿ ಮಿತ್ರರೇ, ನಿಮ್ಮಲ್ಲಿ ಎಷ್ಟೋ ಮಂದಿ ಬೆಳಿಗ್ಗೆ ಬರಿಯ ಚಹಾ ಕುಡಿದು ಶಾಲೆಗೆ ಓಡಿಬರುತ್ತೀರಿ. ಮಧ್ಯಾಹ್ನ ನಿಲ್ದಾಣದ ಹೊರಗಿನ ವಡಾಪಾವೇ ಊಟವಾಗುತ್ತದೆ. ವಡಾಪಾವಿನ ಮೇಲೆ ನನಗೆ ದ್ವೇಷವಿಲ್ಲ. ಆದರೆ ಅದೇ ನಿತ್ಯದ ಅನ್ನವಾಗಬಾರದು. ವಿಜಾಪುರ, ಕಲಬುರ್ಗಿಯ ಕಡೆಯವರ ಮನೆಯಲ್ಲಿ ಜೋಳದ ರೊಟ್ಟಿ, ಶೇಂಗಾ ಚಟ್ನಿಗಳಿವೆ. ಕರಾವಳಿಯವರ ಮನೆಯಲ್ಲಿ ಗಂಜಿ, ಹೆಸರುಕಾಳು, ಮೀನುಗಳಿವೆ. ತಿನ್ನುವವರಿಗೆ ಮೊಟ್ಟೆಯಿದೆ, ಎಲ್ಲರಿಗೂ ಮೊಸರಿದೆ. ಧಾನ್ಯದಲ್ಲಿ ಕಡಿಮೆಯಿರುವ ಮಣಿಯನ್ನು ಬೇಳೆ ತುಂಬುತ್ತದೆ. ಬೇಳೆಯ ಕೊರತೆಯನ್ನು ಧಾನ್ಯ ತುಂಬುತ್ತದೆ. ಅವನ್ನು ಉಂಡರೆ ನಿಮ್ಮ ಯಕೃತ್ತೇ ದಿನವೂ ಹತ್ತು ಗ್ರಾಮಿಗೆ ಕಡಿಮೆಯಿಲ್ಲದಂತೆ ಅಲ್ಬುಮಿನ್ನನ್ನು ಮಾಡಿಕೊಳ್ಳಬಲ್ಲುದು. ಮೈಯೊಳಗೇ ಇರುವ ಈ ಕಾರ್ಖಾನೆ ಕೇಳುವುದು ಬುತ್ತಿಯನ್ನು ಮಾತ್ರ.

ಆದುದರಿಂದ ನನ್ನ ಅಭಿಪ್ರಾಯವಿಷ್ಟೆ: ರಕ್ತದ ಸಾರ ರೋಗಿಗೆ ಮೀಸಲು, ಅನ್ನದ ಸಾರ ಎಲ್ಲರಿಗೂ. ಇಂದು ಬುತ್ತಿಯನ್ನು ಮರೆಯದೆ ತನ್ನಿರಿ; ಬುತ್ತಿಯಿಲ್ಲದೆ ಬಂದ ಗೆಳೆಯನೊಡನೆ ಹಂಚಿಕೊಂಡು ಉಣ್ಣಿರಿ. ನಾಳೆ ಹದಿನೆಂಟು ತುಂಬಿ ಮೈಯಲ್ಲಿ ಬಲ ಬಂದಾಗ, ರಕ್ತದಾನ ಶಿಬಿರದ ಸಾಲಿನಲ್ಲಿ ನಿಲ್ಲಿರಿ. ಬುತ್ತಿಯಿಂದ ಬಂದ ಬಲ ಆಗ ಬಾಟಲಿಯಾಗಿ, ನಿಜವಾಗಿ ಬೇಕಾದವನನ್ನು ಸೇರಲಿ.